ಒಗ್ಗರಣೆಗೆ ಕೂಗುವ ಅಲಾರಂ

ಬಾಡಿಗೆ ಮನೆಯಲ್ಲಿರುವವನಿಗೆ ಗೋಡೆಗೊಂದು ಮೊಳೆ ಹೊಡೆಯಲೂ ಧೈರ್ಯ ಬೇಕು. ಹಾಗಿರುವಾಗ ಮಾಲೀಕರೇ ಏಣಿ ಹೊತ್ತು ಬಂದು ಸೂರಿಗೆ ಏನಾದರೂ ತಗುಲಿಸಿದರೆ ಬೇಡ ಎನ್ನುವುದು ಹೇಗೆ? ದೇಶದ ರಾಜಧಾನಿಯ ದ್ವಾರಕಾ ಬಡಾವಣೆಯ ನಮ್ಮ ಸೊಸೈಟಿಯಲ್ಲಿ ಯಾರದೋ ಮನೆಯ ಸೋಫಾ ಸುಟ್ಟ ಮೇಲೆ, ಪ್ರತಿ ಫ್ಲ್ಯಾಟಿಗೂ ಹೊಗೆ ಅಲಾರಂ ಇರಬೇಕು, ಬಾಡಿಗೆ ಮನೆಯಾದರೆ ಮಾಲೀಕರೇ ಹಾಕಿಸಬೇಕು ಎಂದು ನಿಯಮವಾಯಿತು. ನಮ್ಮ ಮಾಲೀಕರು ಕಾವೇರಪ್ಪನವರು, ಸೈನ್ಯದಿಂದ ನಿವೃತ್ತರಾದ ಕೊಡಗಿನವರು. ಇರುವುದು ನಮ್ಮ ಮೇಲಿನ ಮನೆಯಲ್ಲೇ. ಅಲಾರಂ ಅನ್ನು ಅಡುಗೆಮನೆಯ ಬಾಗಿಲಿಗೇ ಕಾವಲಿಟ್ಟರು.

"ಸರ್, ಸ್ವಲ್ಪ ಆಚೆ ಹಾಕಿದ್ದರೆ..." ಎಂದೆ.

"ಶತ್ರು ಬರೋದು ಇದೇ ದಾರೀಲಿ" ಎಂದು ಏಣಿ ಇಳಿದರು.

ಮರುದಿನ ನನ್ನ ಹೆಂಡತಿ ಶೈಲಜಾ ಸಾರಿಗೆ ಬ್ಯಾಡಗಿ ಮೆಣಸಿನಕಾಯಿಯ ಒಗ್ಗರಣೆ ಕೊಟ್ಟಳು. ಅಲಾರಂ ಕಿರುಚಿಕೊಂಡಿತು. ಕಾವೇರಪ್ಪನವರು ಮರಳಿನ ಬಕೆಟ್ ಹಿಡಿದು ಓಡಿಬಂದರು. "ಅಂಕಲ್, ಕುಛ್ ನಹೀಂ ಹುವಾ, ಸಾರು ಅಷ್ಟೇ" ಎಂದಳು ನಮ್ಮ ಮಗಳು. ಅವರು ಕೆಮ್ಮಿದರು, ಮೂಸಿದರು, ಬಕೆಟ್ ಕೆಳಗಿಟ್ಟು ಊಟಕ್ಕೆ ಕುಳಿತರು. ಆಮೇಲೆ ಪ್ರತಿ ಒಗ್ಗರಣೆಗೂ ಅಲಾರಂ, ಪ್ರತಿ ಅಲಾರಮಿಗೂ ಕಾವೇರಪ್ಪ. ಅವರಿಗೆ ಬೇಸರವೇನೂ ಇದ್ದಂತೆ ಕಾಣಲಿಲ್ಲ.

ಬೇಸರವಾದದ್ದು ನನಗೆ. ಶೈಲಜಾಳ ಸ್ನಾನದ ಪ್ಲಾಸ್ಟಿಕ್ ಟೋಪಿಯನ್ನು ಅಲಾರಮಿನ ತಲೆಗೆ ತೊಡಿಸಿದೆ. ಮನೆ ಶಾಂತವಾಯಿತು. ನನ್ನ ಬುದ್ಧಿಗೆ ನಾನೇ ಬೆರಗಾದೆ.

ಒಂದು ಭಾನುವಾರ ಅಮ್ಮ-ಮಗಳು ಜನಕಪುರಿಗೆ ಹೋಗಿದ್ದರು. ಊಟದ ಮೇಜಿನ ಮೇಲೆ ಶರ್ಟು ಇಸ್ತ್ರಿ ಮಾಡುತ್ತಿದ್ದವನು, ಕೆಳಗೆ ತರಕಾರಿ ಭಯ್ಯಾ ಕೂಗಿದನೆಂದು ಬಾಲ್ಕನಿಗೆ ಹೋದೆ. ಬದನೆಕಾಯಿ ಎಳೆಯದೋ ಬಲಿತದ್ದೋ ಎಂದು ಅವನೊಡನೆ ವಾದ ಬೆಳೆಯುತ್ತಿದ್ದಾಗ ಒಳಗೆ ಅಲಾರಂ ಕೂಗಿತು. ತಿರುಗಿದರೆ ಶರ್ಟು ಉರಿಯುತ್ತಿದೆ, ಜ್ವಾಲೆ ಪರದೆಯತ್ತ ಕೈಚಾಚುತ್ತಿದೆ. ನಾನು ಬಾಲ್ಕನಿಯಿಂದ ಒಳಗೆ ಬರುವಷ್ಟರಲ್ಲಿ ತೆರೆದೇ ಇದ್ದ ಬಾಗಿಲಿನಿಂದ ಕಾವೇರಪ್ಪನವರು ನುಗ್ಗಿ ಪ್ಲಗ್ ಕಿತ್ತು, ಮರಳು ಸುರಿದರು.

ಹೊಗೆ ತಿಳಿಯಾದ ಮೇಲೆ ಸೂರಿನ ಕಡೆ ನೋಡಿದೆ. ಟೋಪಿ ಇರಲಿಲ್ಲ. ಬೆಳಿಗ್ಗೆ ಸ್ನಾನಕ್ಕೆ ಬೇಕಾಗಿ ಶೈಲಜಾ ಅದನ್ನು ಬಿಚ್ಚಿಕೊಂಡಿದ್ದಳಂತೆ. ವಿಷಯ ತಿಳಿದು ಅವಳು ಬೈಯಲೂ ಇಲ್ಲ. ನನ್ನ ಕೈ ಹಿಡಿದು ಕುಳಿತಳು, ಆಮೇಲೆ ಇಬ್ಬರಿಗೂ ನಗು ತಡೆಯಲಾಗಲಿಲ್ಲ.

ಅಲಾರಮನ್ನು ಈಗ ಒಲೆಯಿಂದ ದೂರಕ್ಕೆ, ಹಜಾರದ ನಡುವಿಗೆ ಸರಿಸಿದ್ದೇವೆ. ಸೊಸೈಟಿಯವರು ನನ್ನನ್ನು ಅಗ್ನಿ ಸುರಕ್ಷತಾ ಸಮಿತಿಗೆ ಸೇರಿಸಿಕೊಂಡಿದ್ದಾರೆ. ಹೆಸರು ಸೂಚಿಸಿದವರು ಕಾವೇರಪ್ಪನವರೇ. ಅನುಭವಸ್ಥರು ಬೇಕಂತೆ.