ಅವ್ವನ ಡಬ್ಬಿ, ಲಾಗೋಸಿನ ಶಂಕರಪಾಳಿ

ಕೆಲವರ ಮನೆಯಲ್ಲಿ ಗಡಿಯಾರ ನಿಲ್ಲುತ್ತಿರುತ್ತೆ, ಕೆಲವರ ಮನೆಯಲ್ಲಿ ನಲ್ಲಿ ಸೋರುತ್ತಿರುತ್ತೆ. ನಮ್ಮ ಮನೆಯಲ್ಲಿ ಡಬ್ಬಿ ಕಳೆಯುತ್ತಿರುತ್ತೆ. ಗದಗಿನಲ್ಲಿದ್ದಾಗಲೂ ಕಳೀತಿತ್ತು, ಸಿಂಗಪುರಕ್ಕೆ ಬಂದು ಚೋವಾ ಚು ಕಾಂಗ್‌ನಲ್ಲಿ ಮನೆ ಮಾಡಿದ ಮೇಲೂ ಕಳೀತು. ಅದಕ್ಕೆ ಕಾರಣ ನಮ್ಮ ಅವ್ವ ಹೇಳಿಕೊಟ್ಟ ಒಂದೇ ಒಂದು ಮಾತು: ತುಂಬಿ ಬಂದ ಡಬ್ಬಿಯನ್ನ ಖಾಲಿ ವಾಪಸ್ ಕೊಡಬಾರದು. "ಖಾಲಿ ಡಬ್ಬಿ ಕೊಟ್ರ ಅವರ ಮಾರಿ ಮ್ಯಾಲೆ ಬಾಗಲಾ ಹಾಕಿದಂಗ" ಅನ್ನೋಳು.

ಆ ಅವ್ವನೇ ನಾನು ವಿಮಾನ ಹತ್ತುವಾಗ ತನ್ನ ತವರಿನ ಸ್ಟೀಲ್ ಡಬ್ಬಿ ನನ್ನ ಕೈಗೆ ಕೊಟ್ಟಳು. ಗಟ್ಟಿ ಡಬ್ಬಿ, ಬಿಗಿ ಮುಚ್ಚಳ, ಹೊಟ್ಟೆಯ ಮೇಲೆ ಪಾತ್ರೆ ಅಂಗಡಿಯವನು ಚುಕ್ಕಿ ಚುಕ್ಕಿಯಾಗಿ ಕೊರೆದ ಅವ್ವನ ಹೆಸರು. "ಇದನ್ನ ಕಳಕೊಂಡ್ರ ನನ್ನ ಮುಂದ ಬರಬ್ಯಾಡ" ಅಂದಿದ್ದಳು. ಏಳು ವರ್ಷ ಜೋಪಾನವಾಗಿ ಇಟ್ಟುಕೊಂಡಿದ್ದೆ, ಶಿವಾ ಅಂತ.

೧. ಲಾಗೋಸ್ ಅಂದ್ರೆ ಯಾವ ಬ್ಲಾಕ್?

ಅದು ಜುರಾಂಗ್ ಐಲ್ಯಾಂಡಿನಲ್ಲಿ ಒಂದರ ಪಕ್ಕ ಒಂದು ಪ್ಲಾಂಟ್ ಏಳುತ್ತಿದ್ದ ಕಾಲ. ನಮ್ಮವರು ಅಲ್ಲಿ ಎಂಜಿನಿಯರ್. ಬೆಳಿಗ್ಗೆ ಕಂಪನಿ ಬಸ್ಸಿಗೆ ಹೋದರೆ ಸಂಜೆ ಕಂಪನಿ ಬಸ್ಸಿಗೇ ಬರೋದು. ನಾನು ತಂಜಾಂಗ್ ಪಗಾರ್‌ನ ಒಂದು ಆಫೀಸಿನಲ್ಲಿ ಕಂಪ್ಯೂಟರ್ ಮುಂದೆ ಕೂತು ಬರೋಳು.

ದೀಪಾವಳಿಗೆ ವಾರವಿದ್ದಾಗ ಒಂದು ಸಂಜೆ ನಮ್ಮವರು ಪ್ಲಾಸ್ಟಿಕ್ ಡಬ್ಬಿಯೊಂದನ್ನ ತಂದು ಟೇಬಲ್ ಮೇಲಿಟ್ಟರು. ಮುಚ್ಚಳ ತೆಗೆದರೆ ಶಂಕರಪಾಳಿ! ಸ್ವಲ್ಪ ಸಣ್ಣ, ಹುಣಸೆ ಬೀಜದಷ್ಟು, ಆದರೆ ಶಂಕರಪಾಳಿಯೇ.

"ಇಷ್ಟು ಬೇಗ ಯಾರ ಮನೇಲಿ ಮಾಡಿದ್ರು ರೀ?"

"ಲಾಗೋಸ್‌ದು."

"ಲಾಗೋಸ್ ಅಂದ್ರೆ ಯಾವ ಬ್ಲಾಕ್?"

"ನೈಜೀರಿಯಾ ಕಣೆ! ಬಸ್ಸಲ್ಲಿ ನನ್ನ ಪಕ್ಕ ಕೂರ್ತಾನಲ್ಲ, ಅವನ ಹೆಂಡತಿ ಮಾಡಿದ್ದು. ಅವರು ಚಿನ್ ಚಿನ್ ಅಂತಾರೆ."

ನಾನು ಕೈ ಹಿಂದೆ ತೆಗೆದೆ. "ಮೊಟ್ಟೆ?"

"ಹಾಕಿಲ್ಲ. ಕ್ಯಾಂಟೀನಲ್ಲಿ ನಾನು ದಿನಾ ಪ್ರತಿಯೊಂದಕ್ಕೂ 'ಎಗ್ ಇದೆಯಾ, ಎಗ್ ಇದೆಯಾ' ಅಂತ ಕೇಳೋದು ಅವನಿಗೇ ಸಾಕಾಗಿದೆಯಂತೆ. ಹೆಂಡತಿಗೆ ಹೇಳಿ ನಮಗೋಸ್ಕರ ಮೊಟ್ಟೆ ಬಿಟ್ಟು ಮಾಡಿಸಿದ್ದಾನೆ."

ಹಿಂದೆ ತೆಗೆದ ಕೈಯನ್ನ ಮತ್ತೆ ಡಬ್ಬಿಗೆ ಹಾಕಿದೆ. ಎಲ್ಲಿಯ ಲಾಗೋಸ್, ಎಲ್ಲಿಯ ಗದಗ! ಏಳು ವರ್ಷದ ಮಗಳು ಬಾಯಿ ತುಂಬ ಹಾಕಿಕೊಂಡು, ಸಿಂಗಪುರದವರ ಧಾಟಿಯಲ್ಲಿ, "ಅಮ್ಮಾ, ಸೇಮ್ ಸೇಮ್ ಲಾ!" ಅಂದಳು. ಅವತ್ತಿನಿಂದ ನಾನು ನೋಡಿರದ ಆ ಹೆಂಗಸು ನಮ್ಮ ಮನೆಯಲ್ಲಿ ಲಾಗೋಸ್ ಅಕ್ಕ ಆದಳು.

ಡಬ್ಬಿ ತೊಳೆದೆ. ಬೇಗ ಒಣಗಲಿ ಅಂತ ನಮ್ಮವರು ಅದರ ಮುಚ್ಚಳವನ್ನ ಒಲೆಯ ಪಕ್ಕ ಇಟ್ಟರು. ಮುಚ್ಚಳ ಹಪ್ಪಳದ ಹಾಗೆ ಎದ್ದು ಕೂತಿತು. ಆ ಅವತಾರದಲ್ಲಿ ಹೇಗೆ ವಾಪಸ್ ಕೊಡೋದು? ಮೇಲಿನ ಶೆಲ್ಫಿನಲ್ಲಿ ಅಡಗಿಸಿಟ್ಟೆ. ಬೇರೆ ಡಬ್ಬಿಗಳಲ್ಲೆಲ್ಲ ಚಕ್ಕುಲಿ, ಅವಲಕ್ಕಿ ತುಂಬಿತ್ತು. ಒಂದೇ ಸಲ ತಾನೆ ಅಂತ ಅವ್ವನ ಡಬ್ಬಿಗೆ ನನ್ನ ಶಂಕರಪಾಳಿ ತುಂಬಿ ಕಳಿಸಿದೆ.

ಮರುದಿನ ಬಸ್ಸಿನಲ್ಲೇ ಉತ್ತರ ಬಂತು. ತುಂಬಾ ಚೆನ್ನಾಗಿತ್ತಂತೆ, ನಮ್ಮ ಚಿನ್ ಚಿನ್ ಮಾಡೋದನ್ನ ನಿಮಗೆ ಯಾರು ಕಲಿಸಿದ್ರು ಅಂತ ಕೇಳಿದಳಂತೆ. ಮುಂದಿನ ಸಲ ಜಾಯಿಕಾಯಿ ಮರೀಬೇಡಿ ಅಂತಲೂ ಹೇಳಿ ಕಳಿಸಿದ್ದಳು.

೨. ಬೇಡದ ಡಬ್ಬಿ ಓಡಿ ಬರುತ್ತೆ

ವಾರವಾಯಿತು, ಅವ್ವನ ಡಬ್ಬಿ ಬರಲಿಲ್ಲ. "ಕೇಳಿ ರೀ" ಅಂದೆ. "ಡಬ್ಬಿ ವಾಪಸ್ ಕೊಡು ಅಂತ ಹೇಗೆ ಕೇಳಲಿ? ನನಗೆ ನಾಚಿಕೆ ಆಗುತ್ತೆ, ನೀನೇ ಫೋನ್ ಮಾಡು" ಅಂದರು. ನನಗೆ ಮಾತ್ರ ನಾಚಿಕೆ ಇಲ್ವಾ?

ಒಂದು ಶನಿವಾರ ಅಕ್ಕನ ಗಂಡ ಎಂಆರ್‌ಟಿ ಸ್ಟೇಷನ್‌ವರೆಗೆ ಬಂದು ಒಂದು ಚೀಲ ಕೊಟ್ಟು ಹೋದರು. ನಾನು ಓಡಿ ಹೋಗಿ ನೋಡಿದರೆ ಕಾಗದದ ಚೀಲ. ಒಳಗೆ ಬಿಸಿಬಿಸಿ ಪಫ್ ಪಫ್. ನಮ್ಮ ಗುಲಗುಲಿಯ ಅಣ್ಣತಮ್ಮ ಅದು, ಹಿಟ್ಟು ಹುಳಿ ಬರಿಸಿ ಗುಂಡಗೆ ಎಣ್ಣೆಗೆ ಬಿಡೋದು. ಸ್ಟೀಲ್ ಡಬ್ಬಿಗೆ ಹಾಕಿದರೆ ಬೆವರಿ ಮೆತ್ತಗಾಗುತ್ತೆ ಅಂತ ಕಾಗದದ ಚೀಲವಂತೆ. ಮಾತು ಸರಿಯೇ. ಎಂಟು ಪಫ್ ಪಫ್ ತಿಂದು ಎಂಟು ಸಲ ಡಬ್ಬಿ ನೆನೆಸಿಕೊಂಡೆ.

ಆಗ ನನಗೊಂದು ಉಪಾಯ ಹೊಳೀತು. ಖಾಲಿ ಐಸ್‌ಕ್ರೀಮ್ ಡಬ್ಬಿಯೊಂದಕ್ಕೆ ಶೇಂಗಾ ಉಂಡಿ ತುಂಬಿ ಕಳಿಸಿದೆ. ಇದು ಹೋದರೆ ಅದು ಬರುತ್ತೆ ಅಂತ ನನ್ನ ಲೆಕ್ಕಾಚಾರ. ಮೂರೇ ದಿನಕ್ಕೆ ಐಸ್‌ಕ್ರೀಮ್ ಡಬ್ಬಿ ಫಳಫಳ ತೊಳೆದುಕೊಂಡು, ಹೊಟ್ಟೆ ತುಂಬ ಕೊಬ್ಬರಿ ಮಿಠಾಯಿ ತುಂಬಿಕೊಂಡು ವಾಪಸ್ ಬಂತು. ಜೊತೆಗೆ ಅಕ್ಕನ ಮಾತು: "ಆ ಸ್ಟೀಲ್ ಡಬ್ಬಿ ಎಷ್ಟು ಚೆಂದ ಇದೆ! ಅದಕ್ಕೆ ತಕ್ಕದ್ದು ಮಾಡಿ ತುಂಬಿಯೇ ಕೊಡಬೇಕು. ಸ್ವಲ್ಪ ದಿನ ನನ್ನ ಹತ್ರ ಇರಲಿ."

ಹೀಗೆ ಐಸ್‌ಕ್ರೀಮ್ ಡಬ್ಬಿ ಎರಡು ತಿಂಗಳಿಗೂ ಹೆಚ್ಚು ಹೋಯಿತು, ಬಂತು, ಹೋಯಿತು, ಬಂತು. ನಮ್ಮವರ ಬೆಲ್ಟಿನ ತುದಿಯಲ್ಲಿ ಹೊಸ ತೂತು ಹಾಕಿಸಿದೆವು. ಕಳೆದರೆ ಕಳೆಯಲಿ ಅಂತ ಕಳಿಸಿದ ಆ ಡಬ್ಬಿ ಮಾತ್ರ ಕಳೆಯಲೇ ಇಲ್ಲ.

೩. ಬಸ್ಸಿನಲ್ಲಿ ತಿನ್ನುವಂತಿಲ್ಲ

ಈ ಸಂಗತಿ ನನಗೆ ಗೊತ್ತಾದದ್ದು ಆಮೇಲೆ. ಆದರೆ ಈಗಲೇ ಹೇಳಿಬಿಡುತ್ತೇನೆ, ಇಲ್ಲದಿದ್ದರೆ ಮುಂದಿನದು ತಿಳಿಯೋದಿಲ್ಲ.

ಡಬ್ಬಿ ಕೈ ಬದಲಾಯಿಸುತ್ತಿದ್ದದ್ದು ಕಂಪನಿ ಬಸ್ಸಿನಲ್ಲಿ. ಬಸ್ಸಿನಲ್ಲಿ ಬೆಳಿಗ್ಗೆ ಆರೂವರೆಗೆ ಉಪವಾಸ ಕೂತ ಮೂವತ್ತು ಜನ. ಮೊದಮೊದಲು ಪಕ್ಕದ ಸೀಟಿನವರು "ಏನದು?" ಅಂದರು. ಆಮೇಲೆ ಹಿಂದಿನ ಸೀಟಿನವರು ಏನೂ ಕೇಳದೆ ಕೈ ಚಾಚಿದರು. ಡ್ರೈವರ್ ಅಂಕಲ್ ಒಬ್ಬರೇ ಸ್ಟ್ರಿಕ್ಟ್. ಬಸ್ಸಿನಲ್ಲಿ ತಿನ್ನಬಾರದು ಅಂತ ಬೋರ್ಡಿದೆ, ಕನ್ನಡಿಯಲ್ಲಿ ನೋಡಿ ಕೂಗುತ್ತಿದ್ದರು, "ಹೇ, ಬಸ್ ಮೂವಿಂಗ್, ಕೆನಾಟ್ ಈಟ್!"

ಒಂದು ದಿನ ನಮ್ಮವರು ಇಳಿಯುವಾಗ ಮರ್ಯಾದೆಗೆ ಅಂತ ಅವರಿಗೂ ಒಂದು ಶೇಂಗಾ ಉಂಡಿ ಕೊಟ್ಟರು. ಅಂಕಲ್ ತಿಂದರು. ಕಣ್ಣು ಮುಚ್ಚಿ ಸ್ವಲ್ಪ ಹೊತ್ತು ಯೋಚನೆ ಮಾಡಿದರು. ಮರುದಿನದಿಂದ ಕಾನೂನು ಬದಲಾಯಿತು: "ಬಸ್ ಮೂವಿಂಗ್, ಕೆನಾಟ್. ಬಸ್ ಸ್ಟಾಪ್, ಕ್ಯಾನ್ ಲಾ."

ಆಮೇಲೆ ಡಬ್ಬಿ ಇದ್ದ ದಿನ ಆ ಬಸ್ಸು ಹಸಿರು ಸಿಗ್ನಲ್ ಬಿದ್ದರೂ ಹೊರಡಲು ಯೋಚನೆ ಮಾಡುತ್ತಿತ್ತಂತೆ.

೪. ಕಷ್ಟದಲ್ಲಿರುವ ಸಂಸಾರ

ನಾನು ಇಪ್ಪತ್ತು ಉಂಡಿ ಕಳಿಸಿದರೆ ಅಕ್ಕನಿಗೆ ಮುಟ್ಟುತ್ತಿದ್ದದ್ದು ಎರಡು. ಆಕೆ ಡಬ್ಬಿ ತುಂಬ ಚಿನ್ ಚಿನ್ ಕಳಿಸಿದರೆ ನನಗೆ ಸಿಗುತ್ತಿದ್ದದ್ದು ತಳದ ಪುಡಿ. ಗಂಡಸರಿಬ್ಬರೂ ಮನೆಯಲ್ಲಿ ತುಟಿ ಪಿಟಕ್ ಅನ್ನಲಿಲ್ಲ.

ಕೊನೆಗೆ ಒಂದು ದಿನ ನನ್ನ ಕೈಗೆ ಖಾಲಿ ಡಬ್ಬಿಯೇ ಬಂತು. ಖಾಲಿ! ನನಗೆ ಸಿಟ್ಟು ನೆತ್ತಿಗೇರಿತು. ನಾನೇನು ತಪ್ಪು ಮಾಡಿದೆ, ನನ್ನ ಮಾರಿ ಮೇಲೆ ಬಾಗಿಲು ಹಾಕೋಕೆ? ಅದೇ ವಾರ ಅವ್ವನ ಫೋನ್ ಬೇರೆ. "ಟಿಕೆಟ್ ಆತು. ಬರೂ ಶನಿವಾರ ಬರ್ತೀನಿ. ನನ್ನ ಡಬ್ಬಿ ಐತೆಲ್ಲ? ಬಂದ ಕೂಡಲೆ ಅದರಾಗ ಶೇಂಗಾ ಚಟ್ನಿಪುಡಿ ತುಂಬೂಣು."

"ಐತಿ ಅವ್ವ, ಎಲ್ಲಿ ಹೋಗ್ತೈತಿ" ಅಂದೆ. 

ಇನ್ನು ನಾಚಿಕೆ ಬಿಟ್ಟು ಕೇಳಿಯೇಬಿಡೋಣ ಅಂತ ಫೋನ್ ಎತ್ತಬೇಕು, ಅಷ್ಟರಲ್ಲಿ ಅಕ್ಕನೇ ಫೋನ್ ಮಾಡಿದಳು. ದನಿ ತುಂಬಾ ಮೆತ್ತಗೆ. "ಸಿಸ್ಟರ್, ಮನೆಯಲ್ಲಿ ಎಲ್ಲಾ ಸರಿಯಾಗಿದೆಯಾ? ನಿನ್ನ ಗಂಡನ ಕೆಲಸ ಇದೆಯಾ?"

"ಇದೆಯಲ್ಲ, ಯಾಕೆ?"

"ನೀನು ದೊಡ್ಡ ಡಬ್ಬಿಯಲ್ಲಿ ಎರಡೇ ಉಂಡೆ ಕಳಿಸ್ತೀಯ. ಕಷ್ಟದಲ್ಲೂ ಖಾಲಿ ಕಳಿಸಬಾರದು ಅಂತ ಎರಡಾದರೂ ಹಾಕ್ತೀಯಲ್ಲ, ನನಗೆ ಅಳು ಬರುತ್ತೆ. ನಾಳೆ ಹತ್ತು ಕಿಲೋ ಅಕ್ಕಿ ಕಳಿಸ್ತೀನಿ, ಬೇಡ ಅನ್ನಬೇಡ."

"ಎರಡೇ? ನಾನು ಇಪ್ಪತ್ತು ಕಳಿಸಿದ್ದೆನಲ್ಲ!" ಅಂದೆ. ಹತ್ತು ನಿಮಿಷದಲ್ಲಿ ಬಸ್ಸಿನ ಬಂಡವಾಳವೆಲ್ಲ ಬಯಲಾಯಿತು. ಇಬ್ಬರೂ ನಕ್ಕೆವು, ಆಮೇಲೆ ಇಬ್ಬರೂ ನಮ್ಮ ನಮ್ಮ ಗಂಡಂದಿರನ್ನ ಕರೆದೆವು. ನಕ್ಕ ಸಡಗರದಲ್ಲಿ ಡಬ್ಬಿ ಕೇಳೋದು ಮರೆತೇ ಹೋಯಿತು. ಫೋನ್ ಇಡುವ ಮೊದಲು ಆಕೆಯೇ ಅಂದಳು, "ಸ್ಟೀಲ್ ಡಬ್ಬಿ ಆ ಬಸ್ಸಿಗೆ ಕೊಡೋದಿಲ್ಲ. ಅದಕ್ಕೊಂದು ಕೆಲಸ ಮಾಡಿಸ್ತಾ ಇದ್ದೀನಿ. ಮುಗಿದ ಮೇಲೆ ನಾನೇ ತರ್ತೀನಿ."

ಡಬ್ಬಿಗೆ ಎಂಥಾ ಕೆಲಸ? ಸೊಟ್ಟಗಾಗಿದೆಯಾ? ತೂತಾಗಿದೆಯಾ? ಶಿವನೇ ಬಲ್ಲ. ಮರುದಿನ ಅಕ್ಕಿ ಮಾತ್ರ ಬಂದೇಬಿಟ್ಟಿತು. ಬಸ್ಸಿನಲ್ಲಿ ಅದನ್ನ ಯಾರೂ ಮುಟ್ಟಿರಲಿಲ್ಲ.

೫. ಹೆಸರು

ಶನಿವಾರ ಅವ್ವ ಬಂದಳು. ಕಾಲು ತೊಳೆದಳು, ವಿಭೂತಿ ಹಚ್ಚಿಕೊಂಡಳು, ಸೀದಾ ಅಡಿಗೆಮನೆಗೆ ನಡೆದಳು. "ಡಬ್ಬಿ ಎಲ್ಲೈತಿ?"

"ಚಹಾ ಕುಡಿ ಅವ್ವ."

"ಚಹಾ ಕುಡದೆ. ಡಬ್ಬಿ ಎಲ್ಲೈತಿ?"

ನಮ್ಮವರು ಬಿಲ್ಡಿಂಗಿನ ತಳದ ವಾಯ್ಡ್ ಡೆಕ್‌ಗೆ ಹೋಗಿ ಬರ್ತೀನಿ ಅಂತ ಲಿಫ್ಟ್ ಹತ್ತಿ ಕೆಳಗೆ ಪರಾರಿ. ನಾನು ಬಾಯಿ ತೆಗೆಯುವುದರೊಳಗೆ ಬೆಲ್ ಆಯಿತು. ಬಾಗಿಲಲ್ಲಿ ಹಳದಿ ಹೂವಿನ ಬಟ್ಟೆಯುಟ್ಟು, ತಲೆಗೆ ಅದೇ ಬಟ್ಟೆ ಕಟ್ಟಿಕೊಂಡು ಎತ್ತರದ ಹೆಂಗಸು. ಕೈಯಲ್ಲಿ ಅವ್ವನ ಡಬ್ಬಿ! ಲಾಗೋಸ್ ಅಕ್ಕನನ್ನ ನಾನು ಮೊದಲ ಸಲ ನೋಡಿದ್ದು ಹೀಗೆ. ನನ್ನ ಹಿಂದೆಯೇ ಅವ್ವ ನಿಂತಿದ್ದಳು.

ಅಕ್ಕ ಅವ್ವನನ್ನ ನೋಡಿದ್ದೇ ತಡ, ಡಬ್ಬಿ ನನ್ನ ಕೈಗಿಟ್ಟು ಎರಡೂ ಮೊಣಕಾಲೂರಿ "ಮಮ್ಮಾ" ಅಂದಳು. ಅವರಲ್ಲಿ ಹಿರಿಯರಿಗೆ ಹಾಗೆ ಮಾಡಬೇಕಂತೆ. ಅವ್ವ ಗಾಬರಿಯಾಗಲಿಲ್ಲ. ತಲೆ ಮೇಲೆ ಕೈಯಿಟ್ಟು "ಛಲೋ ಇರವಾ" ಅಂತ ಹರಸಿ, ನನ್ನ ಕಡೆ ತಿರುಗಿ, "ನಮ್ಮ ಮೂರು ಸೊಸ್ತ್ಯಾರೊಳಗ ಒಬ್ಬಾಕಿಗೂ ಇದು ಬಂದಿಲ್ಲ ನೋಡು" ಅಂದಳು.

ಡಬ್ಬಿ ತೆಗೆದೆವು. ತುಂಬ ಚಿನ್ ಚಿನ್. ಅವ್ವ ಒಂದನ್ನ ಕೈಯಲ್ಲಿ ಹಿಡಿದು ನನ್ನ ಮುಖ ನೋಡಿದಳು. ಅಕ್ಕನಿಗೆ ಭಾಷೆ ಬೇಕಾಗಲಿಲ್ಲ, "ನೋ ಎಗ್, ಮಮ್ಮಾ, ನೋ ಎಗ್" ಅಂದಳು. ಅವ್ವ ತಿಂದಳು, ಇನ್ನೊಂದು ತಿಂದಳು. "ಶಂಕರಪಾಳಿ ನಿನಕಿಂತ ಛಲೋ ಮಾಡ್ಯಾಳ. ಜಾಯಿಕಾಯಿ ಹಾಕ್ಯಾಳ ನೋಡು."

ಡಬ್ಬಿ ಮನೆಗೆ ಬಂತಲ್ಲ, ಯಾವ ಮಾತಾದರೂ ಕೇಳ್ತೀನಿ ಅಂತ ನಾನು ಖುಷಿಯಲ್ಲಿದ್ದೆ. ಅಷ್ಟರಲ್ಲಿ ಅವ್ವ ಡಬ್ಬಿ ತಿರುಗಿಸಿದಳು. ತನ್ನ ಹೆಸರಿನ ಮೇಲೆ ಬೆರಳಾಡಿಸಿದಳು. ಬೆರಳು ಕೆಳಗೆ ಬಂದು ನಿಂತಿತು. "ಇದೇನ ಬರದೈತಿ?"

ಅವ್ವನ ಹೆಸರಿನ ಕೆಳಗೆ, ಇಂಗ್ಲಿಷಿನಲ್ಲಿ, ಅಚ್ಚುಕಟ್ಟಾಗಿ ಇನ್ನೊಂದು ಹೆಸರು.

ಅಕ್ಕ ಹೆಮ್ಮೆಯಿಂದ ವಿವರಿಸಿದಳು. ಡಬ್ಬಿಯ ಮೇಲೆ ಏನು ಬರೆದಿದೆ ಅಂತ ತನ್ನ ಗಂಡ ಬಸ್ಸಿನಲ್ಲಿ ಕೇಳಿದಾಗ ನಮ್ಮವರು, "ಅದು ನಮ್ಮ ಅತ್ತೆಯ ಹೆಸರು, ನಮ್ಮಲ್ಲಿ ಡಬ್ಬಿ ಯಾರ ಹತ್ರ ಇರುತ್ತೋ ಅವರ ಹೆಸರು ಕೊರೆಸ್ತೀವಿ" ಅಂದರಂತೆ. ಮೂರು ತಿಂಗಳು ತನ್ನ ಹತ್ತಿರ ಇತ್ತಲ್ಲ, ಕೊರೆಸದಿದ್ದರೆ ಮಮ್ಮನಿಗೆ ಅವಮಾನ ಅಂತ ಗಂಡನಿಗೆ ಹೇಳಿ ಮಷೀನಿನಲ್ಲಿ ಕೊರೆಸಿದ್ದಳು. ಅದೇ ಆ ಕೆಲಸ!

 ಅರ್ಧ ಬಿಟ್ಟು ಅರ್ಧ ಕನ್ನಡದಲ್ಲಿ ಹೇಳಿದೆ. ಅವ್ವನಿಗೆ ಪೂರ್ತಿ ತಿಳಿಯಿತು. ಡಬ್ಬಿಯನ್ನ ಇನ್ನೊಂದು ಸುತ್ತು ತಿರುಗಿಸಿ ನೋಡಿ ಕೇಳಿದಳು, "ನಿನ್ನ ಹೆಸರು ಎಲ್ಲೈತಿ?"

"ಅವ್ವಾ?"

"ಏಳು ವರ್ಷ ನಿನ್ನ ಕಡೆ ಇತ್ತು. ಒಂದರ ಸಲ ಹೆಸರು ಹಾಕಿಸಿದೇನು? ಈಕಿ ಮೂರು ತಿಂಗಳದಾಗ ಹಾಕಿಸ್ಯಾಳ. ಅದೂ ನನ್ನ ಹೆಸರಿನ ಕೆಳಗ, ಮಗಳ ಗತೆ." ಚಿನ್ ಚಿನ್ ಅನ್ನು ತಾಟಿಗೆ ಸುರಿದಳು, ಊರಿಂದ ತಂದ ಶೇಂಗಾ ಹೋಳಿಗೆಯನ್ನ ಡಬ್ಬಿಗೆ ಒತ್ತಿ ಒತ್ತಿ ತುಂಬಿದಳು, ಮುಚ್ಚಳ ಬಿಗಿ ಮಾಡಿ ಅಕ್ಕನ ಕೈಗೆ ಕೊಟ್ಟಳು. "ತಗೊಳವಾ, ನಿಂದು."

ನನಗೆ ಸಂಕಟ, ಹೊಟ್ಟೆಕಿಚ್ಚು, ಎರಡರ ನಡುವೆ ಎಲ್ಲೋ ಸಂತೋಷವೂ ಆಯಿತು. ನನ್ನ ಮುಖ ನೋಡಿ ಅವ್ವನಿಗೆ ಕನಿಕರ ಬಂದಿರಬೇಕು. ಮೇಲಿನ ಶೆಲ್ಫಿಗೆ ಕೈ ಹಾಕಿ, ಹಪ್ಪಳದಂಥ ಮುಚ್ಚಳದ ಆ ಪ್ಲಾಸ್ಟಿಕ್ ಡಬ್ಬಿ ತೆಗೆದು, "ಹಿಡಿ, ನೀ ಇದನ್ನ ಇಟ್ಗೊ" ಅಂದಳು.

ಲಾಗೋಸ್ ಅಕ್ಕ ಒಂದೇ ಸಲಕ್ಕೆ ಚೀರಿದಳು, "ಓ! ನನ್ನ ಡಬ್ಬಿ! ಮೂರು ತಿಂಗಳಿಂದ ಕೇಳೋಕೆ ನಾಚಿಕೆಪಟ್ಟು ಸುಮ್ಮನಿದ್ದೆ, ಸಿಸ್ಟರ್!"

"ಏನಂತಾಳ?" ಅಂದಳು ಅವ್ವ.

"ಅದೂ ಆಕಿದಂತ ಅವ್ವ."

"ಹಂಗಾರ ಕೊಟ್ಟುಬಿಡು," ಅಂದಳು ಅವ್ವ. "ಖಾಲಿ ಕೊಡಬ್ಯಾಡ."

ಕೊಟ್ಟೆ, ಅವರದೇ ಅಕ್ಕಿ ತುಂಬಿ. ಅವತ್ತು ಸಂಜೆಯೇ ಮಗಳ ಮಾರ್ಕರ್ ತಗೊಂಡು ಐಸ್‌ಕ್ರೀಮ್ ಡಬ್ಬಿಯ ಮೇಲೆ ದಪ್ಪಗೆ ನನ್ನ ಹೆಸರು ಬರೆದೆ.