ಊರ ಮನೆಗಳನ್ನೆಲ್ಲ ತಿದ್ದುವ ಚಿಗವ್ವ

ನಮ್ಮ ಚಿಗವ್ವನನ್ನು ಮಾತ್ರ ಊಟಕ್ಕೆ ಕರೆಯಬೇಡಿ. ಕರೆದರೆ, ಹೋಳಿಗೆ ಬಡಿಸುವಷ್ಟರಲ್ಲಿ ನಿಮ್ಮ ಅಡುಗೆಮನೆಯ ಗೋಡೆ ಕೆಡವಲು ನೀವೇ ಒಪ್ಪಿರುತ್ತೀರಿ!

ಅವ್ವನ ಈ ತಂಗಿ ಕಾಲೇಜಿನ ಮೆಟ್ಟಿಲು ಹತ್ತಿದವಳಲ್ಲ. ಬೆಟಗೇರಿಯಲ್ಲಿ ನೇಕಾರರಿಗಾಗಿ ಚೌಕಳಿ ಕಾಗದದ ಮೇಲೆ ಸೀರೆಯ ಅಂಚು ಬಿಡಿಸುತ್ತಿದ್ದವಳು, ಒಂದು ದಿನ ಹೂಬಳ್ಳಿ ಬಿಟ್ಟು ಮನೆಗಳ ನಕ್ಷೆ ಬಿಡಿಸತೊಡಗಿದಳು. ಕಲಿಯುವುದೆಲ್ಲಿ? ಎಲ್ಲಿ 'ಮನೆ ಬಾಡಿಗೆಗಿದೆ' ಎಂಬ ಫಲಕ ಕಂಡರೂ ಒಳಗೆ ನುಗ್ಗುವಳು.

"ಎಷ್ಟು ಮಂದಿ ಅದೀರಿ?" ಎಂದು ಮಾಲೀಕರು ಕೇಳಿದರೆ, "ಅದಿರ್ಲಿರಿ, ಬಚ್ಚಲದ ಬಾಗಲಾ ಅಡಗಿಮನಿ ಕಡೆ ಯಾಕ ಇಟ್ಟೀರಿ?" ಎನ್ನುವಳು. ಬಾಡಿಗೆದಾರರು ಸಿಕ್ಕರೆಂದು ಹಿಗ್ಗಿದವರಿಗೆ ಸಿಕ್ಕಿದ್ದು ಪರೀಕ್ಷಕಿ! ಮುಳಗುಂದದವರೊಬ್ಬರು ಅವಳು ಹೇಳಿದಂತೆಯೇ ಬಾಗಿಲು ಬದಲಿಸಿದರು. ಮನೆ ಎಷ್ಟು ಚೆನ್ನಾಯಿತೆಂದರೆ, ಬಾಡಿಗೆಗೆ ಕೊಡದೆ ತಾವೇ ಬಂದು ಕೂತರು.

ಪ್ರಯೋಗಕ್ಕೆ ಸ್ವಂತ ಮನೆಯೂ ಇತ್ತಲ್ಲ! ಅಡುಗೆಮನೆ ಮೂರು ಸಲ ಜಾಗ ಬದಲಿಸಿತು. ಅವಳ ಗಂಡ, ನಮ್ಮ ಕಾಕಾ, ಚಪ್ಪಲಿ ಬಿಡುವ ಮೊದಲೇ ಕೇಳುತ್ತಿದ್ದ: "ಇವತ್ತ ಊಟಾ ಯಾವ ದಿಕ್ಕಿಗೈತಿ?"

ನನ್ನ ತಂಗಿಗೆ ಗಂಡು ನೋಡಲು ಮುಂಡರಗಿಗೆ ಹೋದಾಗ, ಚಹಾ ಬರುವಷ್ಟರಲ್ಲಿ ಚಿಗವ್ವ ನಾಪತ್ತೆ. ನೋಡಿದರೆ ಮಾಳಿಗೆಯ ಮೇಲೆ ನಿಂತು ಬೆಳಕಿಂಡಿಯಲ್ಲಿ ಇಣುಕುತ್ತಿದ್ದಾಳೆ! ಬಸ್ಸಿನಲ್ಲಿ ಅವ್ವ ಕೇಳಿದಳು, "ಹುಡುಗ ಹೆಂಗದಾನ?"

"ಹುಡುಗನ್ನ ಯಾರ್ ನೋಡ್ಯಾರ? ನಡುವಿನ ಗ್ವಾಡಿ ಒಂದ ತಗದ್ರ ಸಂಬಂಧ ಛಲೋ ಐತಿ."

ಹೋದ ವರ್ಷ ನಮ್ಮಪ್ಪನಿಗೆ ಲಕ್ವ ಹೊಡೆಯಿತು. ಬಲಗೈ, ಬಲಗಾಲು ಬಿದ್ದವು. ಪ್ರಯತ್ನಪಟ್ಟರೆ ಮಾತು ಬರುತ್ತದೆ ಎಂದು ಡಾಕ್ಟರು ಹೇಳಿದರೂ ಅಪ್ಪ ತಿಂಗಳುಗಟ್ಟಲೆ ಬಾಯಿ ಬಿಡಲಿಲ್ಲ.

ಚಿಗವ್ವ ಬಂದಳು. ಅಪ್ಪನನ್ನು ಕುರ್ಚಿಗೆ ಕೂರಿಸಿ, ಅವನ ಮಂಚದ ಮೇಲೆ ತಾನೇ ಮಲಗಿದಳು. ಮಧ್ಯಾಹ್ನದವರೆಗೆ ಏಳಲೇ ಇಲ್ಲ. ನಾವು ಮುಸಿಮುಸಿ ನಕ್ಕೆವು. ಎದ್ದಾಗ ಅವಳ ಕಣ್ಣುಗಳು ಕೆಂಪಾಗಿದ್ದವು.

"ಇಲ್ಲಿಂದ ಬರೇ ಗ್ವಾಡಿ ಕಾಣ್ತೈತಿ. ಆ ಮನಷ್ಯಾ ಯಾರ ಜೋಡಿ ಮಾತಾಡ್ಬೇಕು?"

ಮರುದಿನವೇ ಗೋಡೆ ಒಡೆಯಲು ಗೌಂಡಿ ಬಂದ. ಮಂಚದ ಎತ್ತರಕ್ಕೆ, ಓಣಿಯತ್ತ ತೆರೆಯುವ ತಗ್ಗು ಕಿಟಕಿಯೊಂದು ಕೂತಿತು. ಅದರ ಸುತ್ತ ಗೌಂಡಿ ಇನ್ನೂ ಸಿಮೆಂಟು ಮೆತ್ತಿ ಗಿಲಾವು ಮಾಡುತ್ತಿದ್ದಾಗಲೇ ಅಪ್ಪನ ಹಳೆಯ ಗೆಳೆಯ ಓಣಿಯಲ್ಲಿ ಹಾದುಹೋಗುತ್ತ ನಿಂತು, ಬಗ್ಗಿ ನೋಡಿದ.

"ಏನ್ಲೇ, ಇಲ್ಲೇ ಅಡಗಿ ಕುಂತೀಯೇನು?"

ಅಪ್ಪ ಕಿಟಕಿಯತ್ತ ಕತ್ತು ಹೊರಳಿಸಿದ. ತಿಂಗಳುಗಳ ಮೇಲೆ ಒಂದು ಮಾತು ತೊದಲುತ್ತ ಹೊರಬಂತು. "ಕುಂ... ಕುಂಡ್ರ ಬಾಲೇ."

ಸೆರಗನ್ನು ಬಾಯಿಗೆ ಒತ್ತಿಕೊಂಡು ನಿಂತಿದ್ದ ಚಿಗವ್ವ ಗೌಂಡಿಯತ್ತ ತಿರುಗಿದಳು.

"ಕೇಳಿದೇನಪಾ? ಜಲ್ದಿ ಕಿಡಕಿ ಹೊರಗೊಂದ ಕಟ್ಟಿ ಕಟ್ಟು. ಬಂದವರು ಕುಂಡ್ರಬೇಕು."