ಮೆಮೊರಿ ಪರೀಕ್ಷೆಯ ಪಜೀತಿಗಳು

ನೆನಪಿನ ಕೆಲಸಕ್ಕೆ ಕೈ ಹಾಕಿದವರಿಗೆ ಪಜೀತಿ ತಪ್ಪಿದ್ದಲ್ಲ. ತೊಂಬತ್ತರ ದಶಕದಲ್ಲಿ ತಮಿಳುನಾಡಿನ ಸೇಲಂನ ಒಂದು ಪುಟ್ಟ ಕಂಪ್ಯೂಟರ್ ಆಫೀಸಲ್ಲಿ ನನ್ನದು ಅದೇ ಕೆಲಸ. ಕರ್ನಲ್ ಅಂದರೆ ಕಂಪ್ಯೂಟರನ್ನೆಲ್ಲ ಆಳೋ ಪ್ರೋಗ್ರಾಮು. ಮೆಮೊರಿಯ ಒಂದೊಂದು ಮನೆಗೂ ಅಂಕಿ ಬರೆದು, ಮತ್ತೆ ಓದಿ, ಸರಿಯಾಗೈತಾ ಅಂತ ನೋಡೋ ಪರೀಕ್ಷೆಯನ್ನ ನಾನು ಅದರೊಳಗೆ ಸೇರಿಸ್ತಿದ್ದೆ.

೧. ತಾತನ ಪರೀಕ್ಷೆ

"ಅದೇನ್ ಕೆಲ್ಸಾನೇ ನಿಂದು?" ಅಂದಳು ಮಗ್ಗದ ಮುಂದೆ ಕೂತಿದ್ದ ಅಮ್ಮ.

"ಜ್ಞಾಪಕಶಕ್ತಿ ಪರೀಕ್ಷೆ ಮಾಡ್ತೀನಿ" ಅಂದೆ. ಕೆಟ್ಟೆ! ಮಾರನೇ ದಿನವೇ ಪಕ್ಕದ್ಮನೆ ತಾತ ಆಫೀಸಿಗೆ ಹಾಜರು. ಹೆಂಡ್ತಿ ಕಳಿಸಿದ್ದಳಂತೆ. ಟೀ ಕೊಟ್ಟು, ತೋಚಿದ್ದೆಲ್ಲ ಕೇಳಿದೆ. ತಮ್ಮ ಮದುವೆ ಊಟದಲ್ಲಿ ಏನೇನು ಬಡಿಸಿದ್ದರು ಅನ್ನೋದನ್ನೂ ಬಿಡದೆ ಹೇಳಿದರು.

"ಏನೂ ಮರೆತಿಲ್ವಲ್ಲ ತಾತ?"

"ನಂಗೆಲ್ಲಿ ಮರೆವು ಕಣವ್ವ! ಅವ್ಳು ಹೇಳಿದ್ದನ್ನ ಮಾತ್ರ ಬೇಕಂತ್ಲೇ ಮರೀತೀನಿ."

೨. ಹೇಳೋರಿಲ್ಲ

ಮೆಟ್ಟೂರಿನ ಒಂದು ಫ್ಯಾಕ್ಟರಿಗೆ ಬೇರೆ ಜಾತಿಯ ಕಂಪ್ಯೂಟರು ಬರೋದಿತ್ತು. ಅಂಥದೇ ಒಂದನ್ನ ನಮ್ಮ ಆಫೀಸಿಗೂ ತಂದಿಟ್ಟರು. ನನ್ನ ಪರೀಕ್ಷೆ ಹಳೇದರಲ್ಲೂ ಹೊಸದರಲ್ಲೂ ಓಡಬೇಕು.

"ಸೋಮವಾರ ಮೆಟ್ಟೂರಲ್ಲಿ ಓಡದಿದ್ರೆ ನೀನು ಕೆಲಸಕ್ಕೆ ಬರೋದೇ ಬೇಡಮ್ಮ" ಅಂದರು ಆಫೀಸು ನಡೆಸ್ತಿದ್ದ ಮುದಲಾಳಿ. ಮನೇಲಿ ಕನ್ನಡ ಆಡೋ ನಮ್ಮ ನೇಕಾರರ ಬೀದೀಲಿ ಆಫೀಸಿನ ಮೆಟ್ಟಿಲು ಹತ್ತಿದ ಮೊದಲ ಹುಡುಗಿ ನಾನು.

ಹಳೇ ಮಷೀನಲ್ಲಿ ಕರ್ನಲ್ ಮೆಮೊರಿಯ ಮೊದಲಿಗೇ ಕೂರ್ತಿತ್ತು. ಅಷ್ಟು ಬಿಟ್ಟು ಮುಂದಕ್ಕೆ ಅಂಕಿ ಬರೀತಿದ್ದೆ. ಹೊಸದರಲ್ಲಿ ಅದು ನಡುವೆ ಕೂತಿತ್ತು. ನನ್ನ ಪರೀಕ್ಷೆ ಕರ್ನಲ್ ಮೇಲೇ ಬರೆದು ತನ್ನನ್ನ ತಾನೇ ಅಳಿಸ್ಕೊಂಡಿತು. ಪರದೆ ಕಪ್ಪಾಯ್ತು.

"ಏನಮ್ಮ, ಮೆಮೊರಿ ಚೆನ್ನಾಗಿದೆಯಾ?" ಅಂದರು ಮುದಲಾಳಿ.

"ಚೆನ್ನಾಗೇ ಇರಬೇಕು ಸಾರ್. ಹೇಳೋಕೆ ಯಾರೂ ಉಳಿದಿಲ್ಲ."

೩. ಕರ್ನಲ್ ಭಾಷೆ

ಅಮ್ಮನ ಹತ್ತಿರ ಗೋಳಾಡಿದೆ. "ಇದೇನ್ ಮಹಾ! ಎಲ್ಲಾ ಮಗ್ಗದಲ್ಲೂ ಅಂಚು ಅದೇ ಎಳೇಲಿ ಮುಗೀತದಾ? ಎಲ್ಲಿಗಂಟ ಐತೆ ಅಂತ ಮೊದ್ಲು ನೋಡ್ಕಂಡು, ಆಮೇಲೆ ಎಣಿಸ್ಬೇಕು ಕಣೆ" ಅಂದಳು.

ಹೌದಲ್ಲ! ಎಲ್ಲಿ ಕೂತಿದೀಯ ಅಂತ ಮೊದಲು ಕರ್ನಲ್ಲನ್ನೇ ಕೇಳಿ, ಅಷ್ಟು ಜಾಗ ಬಿಡೋ ಹಾಗೆ ತಿದ್ದಿದೆ. ಎರಡೂ ಮಷೀನಲ್ಲಿ ಓಡಿತು. ಪರೀಕ್ಷೆ ಎಲ್ಲಿ ಜಾಗ ಬಿಡ್ತೈತೆ ಅಂತ ನನಗೆ ತಿಳಿಯೋಕೆ, ಪರದೆ ಮೇಲೆ ಮೂಡೋ ಹಾಗೆ ಇಂಗ್ಲಿಷ್ ಅಕ್ಷರದಲ್ಲಿ ನಮ್ಮನೆ ಕನ್ನಡದ ಒಂದು ಸಾಲು ಸೇರಿಸಿದ್ದೆ. ಖುಷೀಲಿ ಅದನ್ನ ತೆಗೆಯೋದೇ ಮರೆತೆ.

ಸೋಮವಾರ ಮೆಟ್ಟೂರಿನ ದೊಡ್ಡ ಇಂಜಿನಿಯರ್ ಮುಂದೆ, ಪರದೆ ಮೇಲೆ ಮೂಡಿತು: "ಮುಟ್ಬೇಡ ಲೇ, ಇಲ್ಲಿ ನಾನ್ ಕೂತಿವ್ನಿ!"

ಕನ್ನಡ ಬಾರದ ಮುದಲಾಳಿ ನನ್ನ ಕಡೆ ತಿರುಗಿದರು. "ಇದೇನು ಭಾಷೆ?"

"ಕರ್ನಲ್ ಭಾಷೆ ಸಾರ್" ಅಂದುಬಿಟ್ಟೆ.

ಇಂಜಿನಿಯರ್ ಗಂಭೀರವಾಗಿ ಎರಡು ಸಲ ಓದಿದರು. ನನ್ನ ಕೆಲಸ ಹೋಯ್ತು ಅಂದ್ಕೊಂಡೆ. ಪರೀಕ್ಷೆ ಪೂರ್ತಿ ಓಡಿ ಪಾಸಾಯ್ತು. ಅವರು ಕಾಗದಕ್ಕೆ ಸಹಿ ಹಾಕಿ, ನನ್ನ ಕಡೆ ಬಾಗಿ, ಅಚ್ಚ ನಮ್ಮ ಕನ್ನಡದಲ್ಲೇ ಮೆಲ್ಲಗೆ ಅಂದರು:

"ನಾನ್ಯಾಕ್ ಮುಟ್ಲಿ ಕಣವ್ವ? ಅವ್ನು ಕೂತ್ಕಳ್ಳಿ ಬುಡು."